ಕಾರು ‘ಕೀ ಸಿಗ್ತಿಲ್ಲ’ ಅಂದ್ರೆ ಪೂರ್ತಿ ನಂಬಬೇಡಿ

ಹೊರಗೆ ಕರ್ಕಿಯ ಮಳೆ ಹೊಡೀತಾ ಇದೆ, ಹಂಚಿನ ಸದ್ದು ಮೈಕಿಗೆ ಬಿದ್ದರೆ ಸಹಿಸ್ಕೊಳ್ಳಿ.

ಇಂಥದ್ದೇ ಮಳೆಯಲ್ಲಿ, ಜುಲೈಯ ಒಂದು ಬೆಳಿಗ್ಗೆ 5 ಗಂಟೆಗೆ, ಅಜ್ಜಿಯನ್ನ ಮಣಿಪಾಲಕ್ಕೆ ತಪಾಸಣೆಗೆ ಕರ್ಕೊಂಡು ಹೋಗೋದಿತ್ತು. ನಮ್ಮ ಉತ್ತರ ಕನ್ನಡದವರಿಗೆ ದೊಡ್ಡ ಆಸ್ಪತ್ರೆ ಅಂದ್ರೆ ನೂರು ಕಿಲೋಮೀಟರ್ ಆಚೆ, ಗೊತ್ತಲ್ಲ. ಅಜ್ಜಿ ಫೈಲ್ ಹಿಡ್ಕೊಂಡು ಜಗಲಿಯಲ್ಲಿ ರೆಡಿ. ಚಿಕ್ಕಪ್ಪನ ಹೈಬ್ರಿಡ್ ಕಾರು ಮಾತ್ರ ರೆಡಿ ಇಲ್ಲ. ಬಟನ್ ಒತ್ತಿದ್ರೆ ಮಂಕಾದ ಪರದೆ ಮೇಲೆ ‘ಕೀ ಸಿಗ್ತಿಲ್ಲ’ ಅಂತ ಬರುತ್ತೆ, ಒಳಗೆಲ್ಲೋ ಟಕ್ ಟಕ್ ಅನ್ನುತ್ತೆ, ಅಷ್ಟೇ.

“ತಮಾ, ನಿನ್ನೆ ನೀನೇ ಸೆಲ್ ಹಾಕಿದ್ಯಲ್ಲೋ?” ಅಂದ್ರು ಚಿಕ್ಕಪ್ಪ.

ಹಾಕಿದ್ದೆ. ಹಿಂದಿನ ಸಂಜೆಯೂ ಅದೇ ಮೆಸೇಜ್ ಒಂದ್ಸಲ ಬಂದಿತ್ತು. ಹೊನ್ನಾವರದ ವಾಚ್ ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿದೆ, ಡೋರ್ ಲಾಕ್ ತೆಗೀತು, ಕೆಲಸ ಮುಗೀತು ಅಂದ್ಕೊಂಡೆ. ಪವರ್ ಬಟನ್ ಒತ್ತಿ ನೋಡಲೇ ಇಲ್ಲ. ಆ ಕಾರು 20 ದಿನದಿಂದ ಅಂಗಳದಲ್ಲಿ ನಿಂತಲ್ಲೇ ನಿಂತಿತ್ತು ಅನ್ನೋದೂ ನನ್ನ ತಲೆಗೆ ಹೋಗಲಿಲ್ಲ.

ಹೈಬ್ರಿಡ್ ಕಾರಲ್ಲಿ ಎರಡು ಬ್ಯಾಟರಿ ಇರುತ್ತೆ. ಚಕ್ರ ತಿರುಗಿಸೋದು ದೊಡ್ಡದು, 150 ವೋಲ್ಟ್‌ಗೂ ಮೇಲೆ. ಕೇಸರಿ ಬಣ್ಣದ ವೈರ್ ಕಂಡ್ರೆ ಅದು ಅದರದ್ದು, ಕೈ ಹಾಕಬೇಡಿ. ಇನ್ನೊಂದು ಮಾಮೂಲಿ 12 ವೋಲ್ಟ್. ಪರದೆ, ಕಂಪ್ಯೂಟರ್, ಕೀ ಹುಡುಕೋ ರಿಸೀವರ್, ದೊಡ್ಡ ಬ್ಯಾಟರಿಯನ್ನ ಜೋಡಿಸೋ ಸ್ವಿಚ್, ಎಲ್ಲ ಇದರಿಂದಲೇ ಎಚ್ಚರ ಆಗಬೇಕು. ನಾನು ಬಿಕಾಂ ಹುಡುಗ, ನನ್ನ ಲೆಕ್ಕದಲ್ಲಿ ಹೇಳ್ತೀನಿ: ಬ್ಯಾಂಕಲ್ಲಿ ಲಕ್ಷದ ಎಫ್‌ಡಿ ಇದೆ, ಬ್ಯಾಂಕಿಗೆ ಹೋಗೋಕೆ ಕಿಸೆಯಲ್ಲಿ ಆಟೋ ಚಿಲ್ಲರೆ ಇಲ್ಲ.

2022ರಲ್ಲಿ ಹೈರೈಡರ್, ಇನ್ನೋವಾ ಹೈಕ್ರಾಸ್ ಬಂದ ಮೇಲೆ, ಎರಡೂ ನಮ್ಮ ಬಿಡದಿಯಲ್ಲೇ ತಯಾರಾಗೋವು, ಹೈಬ್ರಿಡ್ ಊರೂರಿಗೆ ಬಂದಿದೆ. ಚಿಕ್ಕಪ್ಪನ ಕಾರು ಯಾವುದು ಅಂತ ಕೇಳಬೇಡಿ, ತಪ್ಪು ಕಾರಿನದ್ದಲ್ಲ.

ಕೀ ಸೆಲ್ಲೋ, 12 ವೋಲ್ಟೋ, ಹೇಗೆ ಗೊತ್ತಾಗೋದು? ಕೀಯನ್ನೇ ಪವರ್ ಬಟನ್‌ಗೆ ತಾಗಿಸಿ ಹಿಡಿದು, ಬ್ರೇಕ್ ತುಳಿದು, ಬಟನ್ ಒತ್ತಿ. ಟೊಯೋಟಾ ಕೀ ಆದ್ರೆ ಲೋಗೋ ಇರೋ ಬದಿ ಬಟನ್ ಕಡೆ. ಕೀ ಒಳಗೊಂದು ಚಿಪ್ ಇದೆ, ಅದಕ್ಕೆ ಸೆಲ್ ಬೇಡ, ಕಾರೇ ಅಷ್ಟು ಹತ್ತಿರದಿಂದ ಶಕ್ತಿ ಕೊಡುತ್ತೆ. ಹೀಗೆ ಮಾಡಿದಾಗ ಕಾರು ಎದ್ದರೆ ಸೆಲ್ ಹೋಗಿದೆ. ಹಳೇ ಸೆಲ್ ಮೇಲಿನ ನಂಬರ್ ನೋಡಿ ಅದೇ ತನ್ನಿ, ಬಹಳಷ್ಟು ಕೀಗಳಲ್ಲಿ ಸಿಆರ್2032. ಇಷ್ಟಾದ್ರೂ ಏಳದೆ ಪರದೆ ಮಂಕು, ಲೈಟ್ ಮಿಣಮಿಣ ಅಂದ್ರೆ ಮೊದಲ ಅನುಮಾನ 12 ವೋಲ್ಟ್ ಮೇಲೆ. ಅದು ಸೋತಾಗ ರಿಸೀವರ್‌ಗೂ ಕೀ ಕೇಳಿಸಲ್ಲ. ಅದಕ್ಕೇ ಕಾರು ತನ್ನ ಸುಸ್ತನ್ನ ಕೀ ಮೇಲೆ ಹಾಕೋದು!

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ರಾತ್ರಿಯೆಲ್ಲ ನಿಂತ ಕಾರಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಹೋದ್ರೆ ಹೆಚ್ಚುಕಡಿಮೆ ಖಾಲಿ. ಡೋರ್ ತೆಗೆದ ಕೂಡಲೇ ಕಂಪ್ಯೂಟರ್‌ಗಳು ಎಚ್ಚರ ಆಗಿ ರೀಡಿಂಗ್ ಇಳಿಯುತ್ತೆ, ಒಂಚೂರು ಕಾಯಿರಿ. ‘ರೆಡಿ’ ಲೈಟ್ ಬಂದ ಮೇಲೆ 14ರ ಹತ್ತಿರ ತೋರಿಸಿದ್ರೆ ಚಾರ್ಜ್ ಆಗ್ತಿದೆ ಅಂತ. ಆಮೇಲೂ ದಿನ ಬಿಟ್ಟು ದಿನ ಖಾಲಿ ಆಗ್ತಿದ್ರೆ ಬ್ಯಾಟರಿ ಮುದಿಯಾಗಿದೆ, ಇಲ್ಲಾ ಡ್ಯಾಶ್‌ಕ್ಯಾಮ್ ಥರದ್ದೇನೋ ರಾತ್ರಿ ಕುಡೀತಿದೆ.

ಅವತ್ತು ನಮ್ಮನ್ನ ಉಳಿಸಿದ್ದು ಪಕ್ಕದ ಮನೆಯ ಓಮ್ನಿ ಮತ್ತು ಜಂಪರ್ ಕೇಬಲ್. ಕೆಲವು ಹೈಬ್ರಿಡ್‌ಗಳಲ್ಲಿ 12 ವೋಲ್ಟ್ ಬ್ಯಾಟರಿ ಡಿಕ್ಕಿಯಲ್ಲಿ ಇರುತ್ತೆ, ಕರೆಂಟ್ ಇಲ್ಲದೆ ಡಿಕ್ಕಿ ತೆಗೆಯಲ್ಲ. ಕೇಬಲ್ ಎಲ್ಲಿ ಹಾಕಬೇಕು ಅನ್ನೋದು ಮ್ಯಾನ್ಯುಯಲ್‌ನಲ್ಲಿದೆ, ಆ ಪುಟದ ಫೋಟೋ ಫೋನಲ್ಲಿಟ್ಕೊಳ್ಳಿ. ಪ್ಲಸ್, ಮೈನಸ್ ಅದಲುಬದಲಾದ್ರೆ ಖರ್ಚು ಬೇರೆಯೇ ಲೆಕ್ಕ.

ಮಣಿಪಾಲ ಮುಟ್ಟಿದಾಗ 11 ಗಂಟೆ. ನಮ್ಮ ಸರದಿ ಹೋಗಿತ್ತು, ಅಜ್ಜಿ ಸಂಜೆವರೆಗೂ ಕುರ್ಚಿಯಲ್ಲೇ ಕಾದ್ರು. ನನಗೆ ಬೈಯಲಿಲ್ಲ. ಬೈದಿದ್ರೆ ವಾಸಿ ಇತ್ತು.

ಈಗ ಚಿಕ್ಕಪ್ಪ ಊರಲ್ಲಿದ್ದಾಗ ವಾರಕ್ಕೊಮ್ಮೆ ಕಾರನ್ನ ಅಂಗಳದಲ್ಲೇ, ಬಯಲಲ್ಲಿ, ಒಂದು ತಾಸು ‘ರೆಡಿ’ಯಲ್ಲಿ ಇಡ್ತಾರೆ. ಬರೀ ರೇಡಿಯೋ ಹಾಕಿ ಕೂತ್ರೆ ಚಾರ್ಜ್ ಆಗಲ್ಲ, ಇನ್ನೂ ಇಳಿಯುತ್ತೆ. ಶೆಡ್ ಬಾಗಿಲು ಹಾಕ್ಕೊಂಡು ಮಾತ್ರ ಇದನ್ನ ಮಾಡಬೇಡಿ, ಮಧ್ಯೆ ಎಂಜಿನ್ ತಾನೇ ಶುರು ಆಗುತ್ತೆ, ಹೊಗೆ ಒಳಗೇ ಉಳಿಯುತ್ತೆ. ಕೀಯನ್ನ ಕಾರಿನ ಪಕ್ಕದ ಕಿಟಕಿ ಮೊಳೆಗೆ ನೇತುಹಾಕೋ ಅಭ್ಯಾಸವನ್ನೂ ಬಿಡಿಸಿದೀವಿ. ಅಷ್ಟು ಹತ್ತಿರ ಇದ್ದರೆ ಕಾರು, ಕೀ ಎರಡೂ ರಾತ್ರಿಯಿಡೀ ಮಾತಾಡ್ಕೊಂಡು ಎರಡೂ ಸೊರಗ್ತವೆ. ಈಗ ಅದು ದೇವರಕೋಣೆ ಗೂಡಲ್ಲಿದೆ.