ಸೋಯಾ ಅವರೆಯೂ ನಮ್ಮ ಹೃದಯವೂ
(ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಠೇವಣಿಗಳ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಒಪ್ಪಿಸಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಆರೋಗ್ಯದ ವಿಷಯ. ನಾವು ಎಸ್.ಎಸ್.ಎಲ್.ಸಿ. ಓದಿ ಹೊಲಕ್ಕೆ ಇಳಿದವರು, ಡಾಕ್ಟರಲ್ಲ. ಓದಿ, ಕೇಳಿ ತಿಳಿದಷ್ಟನ್ನು ತಮ್ಮ ಮುಂದೆ ಇಡುತ್ತೇವೆ.

ಬನಶಂಕರಿ, ಜೆ.ಪಿ. ನಗರದ ಬಡಾವಣೆಗಳು ಏಳುವ ಮುಂಚೆ ಈ ಕಡೆಯೆಲ್ಲಾ ರಾಗಿ, ಅವರೆ, ಹುರುಳಿ ಬೆಳೆಯುವ ಹೊಲಗಳಿದ್ದವು. ಹೊಲದ ಜೊತೆಗೆ ಮೈ ಬಗ್ಗಿಸುವ ಕೆಲಸವೂ ಹೋಯಿತು. ಮುದ್ದೆ, ಸೊಪ್ಪಿನ ಸಾರು ಉಣ್ಣುತ್ತಿದ್ದ ಬಾಯಿಗೆ ಬೇಕರಿ ತಿಂಡಿ, ಬೋಂಡಾ ರೂಢಿಯಾಯಿತು. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯರೂ ಪಾಲ್ಗೊಂಡು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಏನು ಹೇಳಿತು ಗೊತ್ತೇ? ಮೊದಲ ಹೃದಯಾಘಾತ ಬೇರೆ ದೇಶದವರಿಗೆ ಸುಮಾರು 59ರ ವಯಸ್ಸಿನಲ್ಲಿ ಆದರೆ, ನಮ್ಮ ದಕ್ಷಿಣ ಏಷ್ಯಾದವರಿಗೆ ಸುಮಾರು 53ಕ್ಕೇ ಆಗುತ್ತದೆ. ಅಂದರೆ ಮಕ್ಕಳ ಮದುವೆ ಇನ್ನೂ ಮುಗಿಯದ ವಯಸ್ಸು!

ಈ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು ಮನೆ ಬಾಗಿಲಿಗೆ ಬರುವವರಿದ್ದಾರೆ. "ಸೋಯಾದ ಸತ್ವ ತೆಗೆದು ಮಾಡಿದ ಮಾತ್ರೆ, ಹೃದಯಕ್ಕೆ ರಾಮಬಾಣ" ಅಂತಾರೆ. ಇದು ನಿಜವೇ ಎಂದು ನೋಡೋಣ.

ಸೋಯಾ ಅವರೆ ನಮ್ಮ ರಾಜ್ಯದ ಬೀದರ್, ಬೆಳಗಾವಿ, ಧಾರವಾಡ ಕಡೆ ಹೆಚ್ಚಾಗಿ ಬೆಳೆಯುವ ಬೆಳೆ. ಕಾಳಿನಲ್ಲಿ ನೂರಕ್ಕೆ ಸುಮಾರು 40 ಭಾಗ ಪ್ರೋಟೀನು, 20 ಭಾಗ ಎಣ್ಣೆ. ಜೊತೆಗೆ ಐಸೋಫ್ಲೇವೋನ್ ಎಂಬ ಅಂಶ ಬಹಳ ಸ್ವಲ್ಪ, ಅಂದರೆ ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತದೆ. ಜೆನಿಸ್ಟೀನ್, ಡೈಡ್ಜೀನ್ ಎಂಬುವು ಇದರಲ್ಲಿ ಮುಖ್ಯವಾದವು. ಇವುಗಳ ರಚನೆ ಹೆಂಗಸರ ಮೈಯಲ್ಲಿರುವ ಈಸ್ಟ್ರೋಜನ್ ಹಾರ್ಮೋನನ್ನು ಹೋಲುತ್ತದೆ. ಮುಟ್ಟು ನಿಲ್ಲುವವರೆಗೆ ಹೆಂಗಸರಲ್ಲಿ ಹೃದಯದ ಕಾಯಿಲೆ ಗಂಡಸರಿಗಿಂತ ಕಡಿಮೆ. ಹಾಗಾಗಿ ಈ ಅಂಶವೂ ಹೃದಯವನ್ನು ಕಾಯಬಹುದು ಎಂಬ ಆಸೆ ಹುಟ್ಟಿತು.

1995ರಲ್ಲಿ ಅಮೆರಿಕದಲ್ಲಿ 38 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೋಯಾ ಪ್ರೋಟೀನು ತಿಂದವರಲ್ಲಿ ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟ್ರಾಲು ಶೇಕಡ 13ರಷ್ಟು ಇಳಿದಿತ್ತು. 1999ರಲ್ಲಿ ಅಲ್ಲಿನ ಸರ್ಕಾರಿ ಇಲಾಖೆಯು, ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನು ಹೃದ್ರೋಗದ ಅಪಾಯ ತಗ್ಗಿಸಬಹುದು ಎಂದು ಪೊಟ್ಟಣದ ಮೇಲೆ ಬರೆಯಲು ಒಪ್ಪಿತು. ಆದರೆ ನಮ್ಮ ಸಂಘದ ಲೆಕ್ಕಕ್ಕೆ ವರ್ಷಾವರ್ಷ ಆಡಿಟ್ ಆಗುವ ಹಾಗೆ ಇದಕ್ಕೂ ಆಡಿಟ್ ಆಯಿತು. 2006ರಲ್ಲಿ ಅಮೆರಿಕದ ಹೃದಯ ಸಂಸ್ಥೆ ಹೊಸ ಪ್ರಯೋಗಗಳನ್ನು ನೋಡಿ, ಇಳಿಯುವುದು ಶೇಕಡ 3 ಮಾತ್ರ ಎಂದಿತು. ಅದಕ್ಕೂ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕಾಗಿತ್ತು. ಐಸೋಫ್ಲೇವೋನಿನಿಂದ ಕೊಲೆಸ್ಟ್ರಾಲಿಗಾಗಲೀ ರಕ್ತದೊತ್ತಡಕ್ಕಾಗಲೀ ಗುಣ ಕಾಣಲಿಲ್ಲ, ಅದರ ಮಾತ್ರೆಯನ್ನು ಶಿಫಾರಸು ಮಾಡುವುದಿಲ್ಲ ಎಂದೂ ಹೇಳಿತು. 2017ರಲ್ಲಿ ಸರ್ಕಾರಿ ಇಲಾಖೆಯೂ ತನ್ನ ಒಪ್ಪಿಗೆಯನ್ನು ವಾಪಸು ಪಡೆಯುವ ಪ್ರಸ್ತಾಪ ಇಟ್ಟಿತು.

ಹಾಗಂತ ಸೋಯಾ ತಿನ್ನಬಾರದೇ? ತಿನ್ನಬೇಕು, ಆಹಾರವಾಗಿ ತಿನ್ನಬೇಕು. 2020ರಲ್ಲಿ ಎರಡು ಲಕ್ಷಕ್ಕೂ ಮೀರಿದ ಅಮೆರಿಕನ್ನರ ಅಧ್ಯಯನ ಬಂತು. ಸೋಯಾ ಪನೀರನ್ನು ವಾರಕ್ಕೆ ಒಂದು ಸಾರಿಗಿಂತ ಹೆಚ್ಚು ತಿನ್ನುವವರಿಗೆ, ತಿಂಗಳಿಗೊಮ್ಮೆಯೂ ತಿನ್ನದವರಿಗಿಂತ ಹೃದ್ರೋಗ ಶೇಕಡ 18 ಕಡಿಮೆ ಇತ್ತು. ಹಾಗೆ ತಿನ್ನುವವರು ಬೇರೆ ಪಥ್ಯವನ್ನೂ ಮಾಡುವವರಿರಬಹುದು, ಆದ್ದರಿಂದ ಪೂರ್ತಿ ಕೀರ್ತಿ ಸೋಯಾಕ್ಕೇ ಕೊಡಲಾಗದು. ಕೊಬ್ಬಿನ ಮಾಂಸ, ಕರಿದ ತಿಂಡಿಯ ಜಾಗಕ್ಕೆ ಸೋಯಾ ಬಂದರೆ ಲಾಭ ಖಂಡಿತ. ನಮ್ಮ ಅವರೆ, ಹುರುಳಿ, ತೊಗರಿಯಲ್ಲಿ ಐಸೋಫ್ಲೇವೋನ್ ಸೋಯಾದಷ್ಟಿಲ್ಲ. ಆದರೂ ನಾರು, ಪ್ರೋಟೀನು ಇವೆ, ಇವೂ ಹೃದಯಕ್ಕೆ ಹಿತವೇ.

ತಾಯಂದಿರು ಗಮನಿಸಿ. ಸೋಯಾ ಕಾಳನ್ನು ಹಸಿಯಾಗಿ ತಿನ್ನಬಾರದು, ಜೀರ್ಣಕ್ಕೆ ಅಡ್ಡಿ. ರಾತ್ರಿ ನೆನೆಹಾಕಿ ಚೆನ್ನಾಗಿ ಬೇಯಿಸಿ. ಹುರಿದು ರಾಗಿ, ಗೋಧಿಯ ಜೊತೆ ಸ್ವಲ್ಪ ಬೀಸಿಸಬಹುದು. ಅಂಗಡಿಯ ಸೋಯಾ ಚಂಕ್ಸ್ ಒಣಗಿದ್ದು 50 ಗ್ರಾಂ ತೂಗಿದರೆ ಸುಮಾರು 25 ಗ್ರಾಂ ಪ್ರೋಟೀನು ಸಿಗುತ್ತದೆ. ಪಲ್ಯ, ಸಾಗು ಮಾಡಿ, ಎಣ್ಣೆಯಲ್ಲಿ ಕರಿದು ಕೆಡಿಸಬೇಡಿ. ರಿಫೈಂಡ್ ಸೋಯಾ ಎಣ್ಣೆಯಲ್ಲಿ ಈ ಐಸೋಫ್ಲೇವೋನ್ ಇಲ್ಲವೆಂದೇ ಹೇಳಬಹುದು. ಥೈರಾಯಿಡ್ ಮಾತ್ರೆ ನುಂಗುವವರು ಅದರ ಜೊತೆಜೊತೆಗೇ ಸೋಯಾ ತಿಂದರೆ ಮಾತ್ರೆ ಮೈಗೆ ಸರಿಯಾಗಿ ಹತ್ತದು, ಎಷ್ಟು ಹೊತ್ತು ಬಿಡಬೇಕೆಂದು ಡಾಕ್ಟರನ್ನು ಕೇಳಿ.

ಕೊನೆಯದಾಗಿ ಮುಖ್ಯವಾದ ಮಾತು. ಯಾರದೋ ಮಾತು ಕೇಳಿ ಬಿ.ಪಿ., ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿ ಸೋಯಾ ಮಾತ್ರೆ ಹಿಡಿಯಬೇಡಿ. ಬೀಡಿ, ಸಿಗರೇಟು ಬಿಡಿ, ದಿನಾ ಅರ್ಧ ಗಂಟೆ ನಡೀರಿ. ಎದೆ ಹಿಂಡಿದಂತಾಗಿ, ಬೆವರಿ, ಎಡಗೈಯೋ ದವಡೆಯೋ ನೋವು ಬಂದರೆ "ಗ್ಯಾಸು" ಅಂತ ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ. ಬನ್ನೇರುಘಟ್ಟ ರಸ್ತೆಯಲ್ಲಿ, ಜಯನಗರ 9ನೇ ಬ್ಲಾಕಿನ ಹತ್ತಿರವೇ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಇದೆ. ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ, ಪಕ್ಕದಲ್ಲಿರುವ ನಾವು ತಡಮಾಡಬಾರದು.

ಸದಸ್ಯರಿದ್ದರೆ ತಾನೇ ಸಂಘ? ಎಲ್ಲರೂ ಗಟ್ಟಿಯಾಗಿದ್ದು ಸುವರ್ಣ ಮಹೋತ್ಸವಕ್ಕೂ ಇದೇ ಅಂಗಳದಲ್ಲಿ ಸೇರೋಣ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ! ಜೈ ಕರ್ನಾಟಕ!