ಕಾಲೇಜಿನಲ್ಲಿ ಕೊಳಲಿನ ಪಾಠ

(ಬಾನುಲಿ ಭಾಷಣ)

ಸಂಗೀತವನ್ನು ಕಾಲೇಜಿನಲ್ಲಿ ಕಲಿಯಲು ಸಾಧ್ಯವೇ ಎಂಬ ಪ್ರಶ್ನೆ ಹಳೆಯದು. ಗುರುವಿನ ಮನೆಯ ಜಗಲಿಯಲ್ಲಿ ಹತ್ತು ವರ್ಷ ಕುಳಿತು ಕಲಿತವರು ಸಾಧ್ಯವಿಲ್ಲ ಎಂದರು. ವಿಶ್ವವಿದ್ಯಾನಿಲಯಗಳನ್ನು ಕಟ್ಟಿದವರು ಸಾಧ್ಯ ಎಂದರು. ಈ ವಾದದಲ್ಲಿ ಎರಡು ಕಡೆಯವರೂ ಅಷ್ಟಾಗಿ ಲಕ್ಷ್ಯ ಕೊಡದ ಸಂಗತಿಯೊಂದುಂಟು. ಪಾಠ ನಡೆಯುವುದು ಜಗಲಿಯಲ್ಲೋ ಕೊಠಡಿಯಲ್ಲೋ ಎಂಬುದಕ್ಕಿಂತಲೂ, ಗುರುವಿನ ಎದುರಿಗೆ ಎಷ್ಟು ಮಂದಿ ಕುಳಿತಿದ್ದಾರೆ ಎಂಬುದು ಮುಖ್ಯ. ಬೇರೆ ವಾದ್ಯಗಳ ವಿಷಯ ಹೇಗಾದರೂ ಇರಲಿ, ಕೊಳಲಿನ ಮಟ್ಟಿಗೆ ಆ ಸಂಖ್ಯೆ ಒಂದನ್ನು ಮೀರಬಾರದು ಎಂದು ನನ್ನ ನಂಬಿಕೆ. ಕಾಲೇಜಿನಲ್ಲಿಯೇ ಕೊಳಲು ಕಲಿತು, ಮುಂದೆ ಕೆಲವರಿಗೆ ಕಲಿಸಿದ ಅನುಭವದ ಬಲದಿಂದ ಈ ಮಾತನ್ನು ಹೇಳುತ್ತಿದ್ದೇನೆ.

ಹೀಗೇಕೆ ಎಂದು ತಿಳಿಯಬೇಕಾದರೆ ವಾದ್ಯವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ವೀಣೆಯ ತಂತಿಯನ್ನು ಬಿರಡೆ ತಿರುಗಿಸಿ ಬೇಕಾದ ಶ್ರುತಿಗೆ ಸೇರಿಸಬಹುದು. ಹಾಡುವವರು ತಮ್ಮ ಕಂಠವನ್ನು ಅರ್ಧ ಮನೆ ಏರಿಸಿಯೋ ಇಳಿಸಿಯೋ ಹತ್ತು ಮಂದಿಯೊಡನೆ ದನಿಗೂಡಿಸಬಹುದು. ಬಿದಿರಿನ ಕೊಳಲಿಗೆ ಈ ಸೌಕರ್ಯವಿಲ್ಲ. ಅದರ ಶ್ರುತಿಯನ್ನು ನಿರ್ಧರಿಸುವುದು ಬಿದಿರಿನ ಉದ್ದ, ಒಳಗಿನ ಟೊಳ್ಳಿನ ಅಗಲ, ರಂಧ್ರಗಳ ಸ್ಥಾನ. ಒಮ್ಮೆ ಕೊರೆದ ಮೇಲೆ ಅದರ ಷಡ್ಜ ಅಲ್ಲಿಗೆ ನಿಂತಿತು. ಕಲಿಯುವವರ ಬೆರಳುಗಳಾದರೋ ಒಬ್ಬೊಬ್ಬರದು ಒಂದೊಂದು ಅಳತೆ. ಚಿಕ್ಕ ಕೈಯವಳಿಗೆ ಗಿಡ್ಡ ಕೊಳಲು, ಅಂದರೆ ಮೇಲಿನ ಶ್ರುತಿ. ನೀಳ ಬೆರಳಿನವನಿಗೆ ಉದ್ದನೆಯ ಕೊಳಲು, ಕೆಳಗಿನ ಶ್ರುತಿ. ಐದು ಮಂದಿಯನ್ನು ಸಾಲಾಗಿ ಕೂರಿಸಿ ಸರಳೆ ನುಡಿಸಿರೆಂದರೆ ಐದು ಷಡ್ಜಗಳು ಹೊರಡುತ್ತವೆ. ಎಲ್ಲರ ಕೈಗೂ ಒಂದೇ ಅಳತೆಯ ಕೊಳಲನ್ನು ಕೊಟ್ಟರೆ ಶ್ರುತಿಯೇನೋ ಕೂಡೀತು. ಆದರೆ ಯಾರದೋ ಬೆರಳು ರಂಧ್ರವನ್ನು ಪೂರ್ತಿ ಮುಚ್ಚಲಾರದೆ ಗಾಳಿ ಸೋರುತ್ತದೆ. ಕೊಳಲಿನ ಪಾಠ ಒಬ್ಬೊಬ್ಬರಿಗೇ ಆಗಬೇಕೆಂಬುದು ಸಂಪ್ರದಾಯದ ಹಟವಲ್ಲ, ಬಿದಿರಿನ ಗುಣ.

ಬೆರಳಿನ ಕೆಲಸವನ್ನು ಕಣ್ಣಿಂದ ನೋಡಬಹುದು. ಕರ್ನಾಟಕ ಪದ್ಧತಿಯಲ್ಲಿ ಬಾಯಿಯ ಕಡೆಯ ಎರಡು ರಂಧ್ರಗಳನ್ನು ಮುಚ್ಚಿದರೆ ಷಡ್ಜ. ಹಿಂದೂಸ್ತಾನಿ ಬಾನ್ಸುರಿಯಲ್ಲಿ ಮೂರನ್ನು ಮುಚ್ಚಬೇಕು. ಇಷ್ಟನ್ನು ಪುಸ್ತಕದಲ್ಲಿ ಚಿತ್ರ ಬರೆದೂ ತೋರಿಸಬಹುದು. ತುಟಿಯ ಕೆಲಸ ಹಾಗಲ್ಲ. ತುಟಿಗಳ ನಡುವಿನಿಂದ ಹೊರಟ ಗಾಳಿಯ ಎಳೆ ಊದುರಂಧ್ರದ ಆಚೆಯ ಅಂಚಿಗೆ ತಗಲಿ ಸೀಳಿದಾಗ ನಾದ ಹುಟ್ಟುತ್ತದೆ. ಗಾಳಿಯ ವೇಗ ಹೆಚ್ಚಿದರೆ ಸ್ವರ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ತುಟಿ ರಂಧ್ರವನ್ನು ಹೆಚ್ಚು ಆವರಿಸಿದರೂ ಸ್ವರ ಇಳಿಯುತ್ತದೆ. ಒಂದೇ ಸ್ವರವನ್ನು ಮೆಲ್ಲನೆ ಆರಂಭಿಸಿ ದೊಡ್ಡದು ಮಾಡುತ್ತಾ ಹೋಗುವವನ ಷಡ್ಜ ತಾನಾಗಿಯೇ ಮೇಲಕ್ಕೆ ಜಾರುತ್ತದೆ. ಜಾರದಂತೆ ತುಟಿಯನ್ನೂ ಕೊಳಲಿನ ಓರೆಯನ್ನೂ ಕೂದಲೆಳೆಯಷ್ಟು ಬದಲಿಸುತ್ತಿರಬೇಕು. ಚಳಿಗಾಲದ ಬೆಳಗ್ಗೆ ತಣ್ಣಗಿದ್ದ ಕೊಳಲು ಹತ್ತು ನಿಮಿಷ ಊದಿದ ಮೇಲೆ ಬೆಚ್ಚಗಾಗಿ ಶ್ರುತಿ ಏರುತ್ತದೆ, ಅದಕ್ಕೂ ಹೊಂದಿಕೊಳ್ಳಬೇಕು. ಒಬ್ಬೊಬ್ಬರ ತುಟಿಯ ದಪ್ಪ ಬೇರೆ, ಹಲ್ಲಿನ ಸಾಲು ಬೇರೆ. ನನ್ನ ತುಟಿಗೆ ಒಪ್ಪಿದ ಓರೆ ನನ್ನ ಶಿಷ್ಯನಿಗೆ ಒಪ್ಪಬೇಕೆಂಬ ನಿಯಮವಿಲ್ಲ. ‘ನನ್ನಂತೆ ಮಾಡು’ ಎನ್ನುವುದು ಇಲ್ಲಿ ಅರ್ಧ ಪಾಠ ಮಾತ್ರ. ಅವನು ಮಾಡಿದ್ದನ್ನು ಕೇಳಿ, ಅವನ ತುಟಿಗೆ ಏನು ಬೇಕೆಂದು ಊಹಿಸಿ ಹೇಳುವುದು ಉಳಿದರ್ಧ.

ಆದ್ದರಿಂದ ಒಬ್ಬನೇ ವಿದ್ಯಾರ್ಥಿಯ ಆ ಒಂದು ಗಂಟೆಯಲ್ಲಿ ನಡೆಯುವುದು ಹೊರಗಿನವರಿಗೆ ಏನೂ ನಡೆಯದಂತೆ ಕಾಣುತ್ತದೆ. ತಂಬೂರಿ ಮಿಡಿಯುತ್ತಿರುತ್ತದೆ. ವಿದ್ಯಾರ್ಥಿ ಒಂದು ಸ್ವರವನ್ನು ಹಿಡಿದು ನಿಲ್ಲಿಸುತ್ತಾನೆ, ಬಿಡುತ್ತಾನೆ, ಮತ್ತೆ ಹಿಡಿಯುತ್ತಾನೆ. ಅಧ್ಯಾಪಕರು ಕಣ್ಣು ಮುಚ್ಚಿ ಕುಳಿತಿರುತ್ತಾರೆ. ನನಗೆ ಕಲಿಸಿದವರು ಮೊದಲ ವರ್ಷ ಎಷ್ಟೋ ದಿನ, “ಇವತ್ತಿಗೆ ಷಡ್ಜ ಸಾಕಪ್ಪ” ಎಂದು ಎದ್ದುಬಿಡುತ್ತಿದ್ದರು. ಪಕ್ಕದ ಕೊಠಡಿಯಲ್ಲಿ ಹಾಡುಗಾರಿಕೆಯ ತರಗತಿ ಆಗಲೇ ಗೀತೆಗಳನ್ನು ಮುಗಿಸಿ ವರ್ಣಕ್ಕೆ ಬಂದಿರುತ್ತಿತ್ತು. ಆದರೆ ಗಾಳಿಯ ಕರಕರ ಸದ್ದು ಕಳೆದು ಸ್ವರ ಶುದ್ಧವಾಗಿ ನಿಂತ ದಿನ, ಅದನ್ನು ನನಗಿಂತ ಮೊದಲೇ ಕೇಳಿಸಿಕೊಂಡವರು ಅವರು. ಹತ್ತು ಕೊಳಲುಗಳ ಗದ್ದಲದಲ್ಲಿ ಆ ಕ್ಷಣ ಯಾರಿಗೂ ಕೇಳಿಸದೆ ಕಳೆದುಹೋಗುತ್ತಿತ್ತು.

ಇನ್ನು ಉಸಿರಿನ ಮಾತು. ವೈಣಿಕನು ಉಸಿರಾಡುತ್ತಲೇ ನುಡಿಸಬಹುದು. ಕೊಳಲಿನವನು ನುಡಿಯನ್ನು ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕು. ಎಲ್ಲಿ ನಿಲ್ಲಿಸಬೇಕು? ನಮ್ಮ ಕೃತಿಗಳಲ್ಲಿ ಸಾಹಿತ್ಯವಿದೆ. ಪದದ ನಡುವೆ ಉಸಿರೆಳೆದರೆ ದೇವರ ಹೆಸರೇ ಎರಡು ತುಂಡಾಗುತ್ತದೆ. ಹಾಗಾಗಿ ಒಳ್ಳೆಯ ಅಧ್ಯಾಪಕರು ಕೃತಿಯನ್ನು ಮೊದಲು ಹಾಡಿಸುತ್ತಾರೆ, ಅರ್ಥ ಹೇಳುತ್ತಾರೆ, ಆಮೇಲೆ ಕೊಳಲನ್ನು ತುಟಿಗೆ ಇಡಲು ಬಿಡುತ್ತಾರೆ. ಒಬ್ಬನ ಎದೆಯಲ್ಲಿ ಹಿಡಿಯುವ ಉಸಿರು ಇನ್ನೊಬ್ಬನಿಗೆ ಸಾಲದು. ಒಬ್ಬನಿಗೆ ಸಾಲಿನ ಕೊನೆಯಲ್ಲಿ ವಿರಾಮವಾದರೆ, ಇನ್ನೊಬ್ಬನಿಗೆ ನಡುವೆಯೇ ಗೌರವವಾದ ಒಂದು ಎಡೆಯನ್ನು ಹುಡುಕಿಕೊಡಬೇಕು. ಇದು ಸಂಗೀತದ ಪಾಠವೂ ಹೌದು, ಭಾಷೆಯ ಪಾಠವೂ ಹೌದು.

ಈ ಪಾಠಕ್ರಮ ವಿಶ್ವವಿದ್ಯಾನಿಲಯದ ಆವರಣದಲ್ಲಿ ಬದುಕಬಲ್ಲದೆಂಬುದಕ್ಕೆ ಟಿ. ವಿಶ್ವನಾಥನ್ ಅವರ ಜೀವನವೇ ಸಾಕ್ಷಿ. ವೀಣೆ ಧನಮ್ಮಾಳ್ ಅವರ ಮೊಮ್ಮಗ, ನರ್ತಕಿ ಬಾಲಸರಸ್ವತಿಯವರ ತಮ್ಮ. ತಿರುಪ್ಪಾಂಬುರಂ ಸ್ವಾಮಿನಾಥ ಪಿಳ್ಳೆಯವರಲ್ಲಿ ಬಾಲ್ಯದಿಂದ ಕೊಳಲನ್ನು ಕಲಿತ ಅವರು, ಮುಂದೆ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ 1975ರಿಂದ 2002ರಲ್ಲಿ ತೀರಿಕೊಳ್ಳುವವರೆಗೆ ಅಧ್ಯಾಪಕರಾಗಿದ್ದರು. ಕಚೇರಿಯಲ್ಲಿ ಕೊಳಲನ್ನು ಕೆಳಗಿಟ್ಟು ಸಾಹಿತ್ಯವನ್ನು ಹಾಡಿ, ಮತ್ತೆ ಕೊಳಲನ್ನೆತ್ತಿಕೊಳ್ಳುವುದು ಅವರ ರೀತಿ. ಮನೆತನದ ವಿದ್ಯೆ ಸಾಗರವನ್ನು ದಾಟಿ ವೇಳಾಪಟ್ಟಿಯೊಳಗೆ ಕುಳಿತರೂ ಜೀವ ಬಿಡಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಟಿ.ಆರ್. ಮಹಾಲಿಂಗಂ, ನಾವೆಲ್ಲ ಮಾಲಿ ಎಂದು ಕರೆಯುವ ಆ ಮಹಾನುಭಾವರು, ಯಾರ ಎದುರು ಕುಳಿತು ಕೊಳಲು ಕಲಿತರು? ಹಾಡುಗಾರಿಕೆಯ ಪಾಠ ಕೇಳುತ್ತಿದ್ದ ಹುಡುಗ ಕೊಳಲನ್ನು ತಾನೇ ಸಾಧಿಸಿ, ಏಳನೆಯ ವಯಸ್ಸಿಗೆ, 1933ರಲ್ಲಿ, ಮೈಲಾಪುರದಲ್ಲಿ ಕಚೇರಿ ಮಾಡಿದ. ನಿಜ. ಆದರೆ ಕಾಲೇಜುಗಳನ್ನು ನಡೆಸುವುದು ಮಾಲಿಗಳಿಗಾಗಿ ಅಲ್ಲ. ಅಂಥವರು ಎಲ್ಲಿದ್ದರೂ ಬೆಳೆಯುತ್ತಾರೆ. ಪಾಠ ಬೇಕಾದದ್ದು ನಮ್ಮಂಥವರಿಗೆ. ಆ ಮಾಲಿಯವರ ಬಳಿ ಸೋದರಳಿಯ ಎನ್. ರಮಣಿಯವರು ಶಿಷ್ಯರಾಗಿ ಕುಳಿತೇ ಕಲಿತರು ಎಂಬುದನ್ನೂ ನೆನೆಯಬೇಕು. ನಮ್ಮ ಕದ್ರಿ ಗೋಪಾಲನಾಥರ ಉದಾಹರಣೆ ಇನ್ನೂ ಸ್ವಾರಸ್ಯವಾದದ್ದು. ಸ್ಯಾಕ್ಸೋಫೋನ್ ಹಿತ್ತಾಳೆಯದಾದರೂ ಕಡ್ಡಿಯ ನಾಲಗೆಯಿಂದ ನುಡಿಯುವುದರಿಂದ ಕಾಷ್ಠವಾದ್ಯಗಳ ಗುಂಪಿಗೇ ಸೇರಿದ್ದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ಅವರು ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆನಂತರ ಮದರಾಸಿನಲ್ಲಿ ಗಾಯಕರೂ ಮೃದಂಗ ವಿದ್ವಾಂಸರೂ ಆದ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠ ಹೇಳಿಸಿಕೊಂಡರು. ಗುರುವಿನ ವಾದ್ಯವೂ ಶಿಷ್ಯನ ವಾದ್ಯವೂ ಒಂದೇ ಆಗಿರಬೇಕೆಂಬ ಕಟ್ಟಿಲ್ಲ. ಗುರುವಿನ ಕಿವಿ ಪೂರ್ತಿಯಾಗಿ ಶಿಷ್ಯನದಾಗಿರಬೇಕು.

ಒಂಟಿ ಪಾಠಕ್ಕೂ ಒಂದು ಕೊರತೆಯುಂಟು, ಅದನ್ನು ಮರೆಮಾಚಬಾರದು. ಒಬ್ಬನೇ ಕಲಿಯುವವನು ಇನ್ನೊಬ್ಬನ ತೊಡಕನ್ನು ಕೇಳುವುದಿಲ್ಲ. 1795ರಲ್ಲಿ ಸ್ಥಾಪಿತವಾದ ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದಲ್ಲಿ ಕೊಳಲಿನ ತರಗತಿ ಒಟ್ಟಿಗೆ ಸೇರುತ್ತಿತ್ತು. ಒಬ್ಬ ನುಡಿಸುವಾಗ ಉಳಿದವರು ಕೇಳುತ್ತಿದ್ದರು. 1893ರಲ್ಲಿ ಅಲ್ಲಿ ಪ್ರಾಧ್ಯಾಪಕರಾದ ಪಾಲ್ ತಾಫನೆಲ್ ಆ ತರಗತಿಯ ರೀತಿಯನ್ನು ಬದಲಿಸಿ, ಪ್ರತಿಯೊಬ್ಬ ವಿದ್ಯಾರ್ಥಿಗೂ ಪ್ರತ್ಯೇಕ ಗಮನ ಸಲ್ಲುವಂತೆ ಮಾಡಿದರು. ಪ್ಯಾರಿಸ್ಸಿನ ಕೊಳಲಿನ ಪರಂಪರೆ ಜಗತ್ತಿನಲ್ಲೆಲ್ಲ ಹೆಸರಾದುದರಲ್ಲಿ ಅವರ ಪಾಲು ದೊಡ್ಡದು. ಅಲ್ಲಿಂದ ನಾವು ಕಲಿಯಬಹುದಾದದ್ದು ಇಷ್ಟು: ಪಾಠ ಒಬ್ಬನಿಗೇ ಇರಲಿ, ಆದರೆ ವಾರಕ್ಕೊಮ್ಮೆ ಬಾಗಿಲು ತೆರೆದಿರಲಿ. ಸಹಪಾಠಿಗಳು ಬಂದು ಮೂಲೆಯಲ್ಲಿ ಕುಳಿತು ಕೇಳಲಿ. ಗುರುಕುಲದಲ್ಲಿ ಕಂಬಕ್ಕೊರಗಿ ಕುಳಿತ ಕಿರಿಯ ಶಿಷ್ಯನಿಗೆ ದೊರೆಯುತ್ತಿದ್ದದ್ದೂ ಇದೇ.

ಈ ಮಾತುಗಳನ್ನು ಈಗ ಹೇಳಬೇಕಾದ ಕಾರಣವುಂಟು. ಒಬ್ಬ ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ ಒಂದು ಗಂಟೆ ಎಂದರೆ ಲೆಕ್ಕ ಬರೆಯುವವರ ಹುಬ್ಬು ಗಂಟಿಕ್ಕುತ್ತದೆ. ಅದೇ ಗಂಟೆಯಲ್ಲಿ ಇತಿಹಾಸದ ಅಧ್ಯಾಪಕರು ಅರವತ್ತು ಮಂದಿಗೆ ಹೇಳುತ್ತಾರಲ್ಲ ಎಂಬ ಅವರ ಲೆಕ್ಕ ತಪ್ಪೇನೂ ಅಲ್ಲ. ಅನ್ವಯಿಸಿದ ಜಾಗ ತಪ್ಪು. ಪರೀಕ್ಷೆಯೂ ಈ ಪಾಠಕ್ಕೆ ಅಷ್ಟೇನೂ ಒತ್ತಾಸೆಯಲ್ಲ. ಎಷ್ಟು ಕೃತಿ ಎಂದು ಎಣಿಸುವುದು ಸುಲಭ, ಷಡ್ಜ ಎಷ್ಟು ಶುದ್ಧ ಎಂದು ತೂಗುವುದು ಕಷ್ಟ, ಸುಲಭವಾದದ್ದೇ ಗೆಲ್ಲುತ್ತದೆ. ಈಚೆಗೆ ಪರದೆಯ ಮೇಲಿನ ಪಾಠ ಬಂದಿದೆ. ದೂರದ ಊರಿನವರಿಗೆ ಅದು ಉಪಕಾರಿಯೇ ಸರಿ. ಆದರೆ ಮಾತಿಗೆಂದು ಮಾಡಿದ ಆ ಯಂತ್ರಗಳು ಎಡೆಬಿಡದ ನೀಳ ಸ್ವರವನ್ನು ಅನೇಕ ಸಲ ಹಿನ್ನೆಲೆಯ ಸದ್ದೆಂದು ತಿಳಿದು ಅಡಗಿಸಿಬಿಡುತ್ತವೆ. ನಾವು ಕೇಳಿ ತಿದ್ದಬೇಕಾದದ್ದನ್ನೇ ಯಂತ್ರ ಮೊದಲು ಒರೆಸಿಹಾಕಿರುತ್ತದೆ.

ಆದ್ದರಿಂದ ನಮ್ಮ ಸಂಗೀತ ಕಾಲೇಜುಗಳಿಂದ ನಾನು ಬಯಸುವುದು ದೊಡ್ಡದೇನಲ್ಲ. ಚರಿತ್ರೆ, ಲಕ್ಷಣ, ತಾಳ ಇವುಗಳನ್ನು ತುಂಬಿದ ತರಗತಿಯಲ್ಲಿ ಧಾರಾಳವಾಗಿ ಕಲಿಸಲಿ. ಕೊಳಲಿನವನಿಗೆ ಮಾತ್ರ ಸದ್ದಿಲ್ಲದ ಒಂದು ಕೊಠಡಿ, ಶ್ರುತಿ ಸೇರಿಸಿದ ಒಂದು ತಂಬೂರಿ, ಅವನೊಬ್ಬನಿಗೇ ಕಿವಿಗೊಡುವ ಒಬ್ಬ ಹಿರಿಯ, ವಾರಕ್ಕೆ ಎರಡು ಗಂಟೆಯಾದರೂ ಉಳಿಯಲಿ. ಮೂರು ವರ್ಷ ತನ್ನನ್ನು ಇನ್ನೊಬ್ಬರು ಅಷ್ಟು ಶ್ರದ್ಧೆಯಿಂದ ಕೇಳಿದ್ದರೆ, ನಾಲ್ಕನೆಯ ವರ್ಷ ಅವನು ತನ್ನನ್ನು ತಾನೇ ಹಾಗೆ ಕೇಳಿಕೊಳ್ಳಬಲ್ಲ. ಪದವಿಪತ್ರದಲ್ಲಿ ಬರೆಯಲಾಗದ ವಿದ್ಯೆ ಅದು. ಅವನ ಕೊಳಲನ್ನು ಮುಂದೆ ಕೇಳುವವರಿಗೆ ಮಾತ್ರ ತಿಳಿಯುತ್ತದೆ.