ಹಾಯ್ದು ಹೋಗುವ ಸರಕು, ಉಳಿಯುವ ಕಸುಬು



ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ ಬಸ್ಸು ನಿಧಾನಿಸಿದರೆ ಕಂಡಕ್ಟರು ಇಂದಿಗೂ 'ಭಾರತ ಮಿಲ್' ಎಂದು ಕೂಗುತ್ತಾರೆ. ಇಳಿಯುವವರು ಇಳಿಯುತ್ತಾರೆ, ಅವರಲ್ಲಿ ಮಿಲ್ಲಿಗೆ ಹೋಗುವವರು ಯಾರೂ ಇಲ್ಲ. ಕಾಟನ್ ಮಾರ್ಕೆಟ್ಟಿಗೆ ಹೋದರೆ ಲಾಡ್ಜು, ಆಫೀಸು, ಅಂಗಡಿ ಸಿಗುತ್ತವೆ. ಹತ್ತಿಯ ಅಂಡಿಗೆ ಕಾಣುವುದಿಲ್ಲ. ಕಸುಬು ಹೋದ ಮೇಲೂ ಅದರ ಹೆಸರು ಹೊತ್ತು ನಿಂತ ಓಣಿಗಳು ನಮ್ಮಲ್ಲಿ ಹಲವು. ಅವುಗಳ ಮೇಲೆ ಕಣ್ಣೀರು ಸುರಿಸಲು ನಾನು ಇಲ್ಲಿ ನಿಂತಿಲ್ಲ. ಈ ಊರಿನಿಂದ ಏನು ಹಾಯ್ದು ಹೋಯಿತು, ಏನು ಉಳಿಯಿತು, ಉಳಿದದ್ದು ಯಾಕೆ ಉಳಿಯಿತು ಎಂಬ ಲೆಕ್ಕವನ್ನು ನಿಮ್ಮ ಮುಂದೆ ಇಡಬೇಕಾಗಿದೆ.

1

ಲೆಕ್ಕ 1861ರಿಂದ ಶುರುವಾಗಲಿ. ಆ ವರ್ಷ ಅಮೆರಿಕೆಯಲ್ಲಿ ಅಂತರ್ಯುದ್ಧ ಹತ್ತಿತು. ದಕ್ಷಿಣದ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಬಿದ್ದು, ಇಂಗ್ಲೆಂಡಿನ ಲ್ಯಾಂಕಶೈರಿನ ಮಗ್ಗಗಳಿಗೆ ಹತ್ತಿ ಬರುವುದು ನಿಂತಿತು. ಅಲ್ಲಿಯ ಕೂಲಿಕಾರರ ಒಲೆ ಆರಿದ ಹೊತ್ತಿನಲ್ಲಿ ನಮ್ಮ ಎರೆಹೊಲದ ಅರಳೆಗೆ ಬಂಗಾರದ ಬೆಲೆ ಬಂತು. ಆಗ ಇಲ್ಲಿ ಎರಡು ಬಗೆಯ ಹತ್ತಿ ಇತ್ತು. ಒಂದು ಜವಾರಿ. ಇನ್ನೊಂದು 1840ರ ದಶಕದಿಂದ ನ್ಯೂ ಆರ್ಲಿಯನ್ಸ್ ಬೀಜ ತಂದು ಬೆಳೆಸಿದ್ದು. ಪೇಟೆಯಲ್ಲಿ ಅದಕ್ಕೆ 'ಧಾರವಾಡ–ಅಮೆರಿಕನ್' ಎಂಬ ಹೆಸರು. ಜವಾರಿ ಹತ್ತಿಯನ್ನು ಮುಂಬಯಿ ಪೇಟೆ 'ಕುಮಟಾ' ಎಂದು ಕರೆಯಿತು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ನಮ್ಮ ರೈತ ಬೆಳೆದ ಹತ್ತಿ ಘಟ್ಟ ಇಳಿದು ಅಲ್ಲಿ ಹಡಗು ಹತ್ತುತ್ತಿತ್ತು, ಅಷ್ಟೇ. ಬೆಳೆದವನ ಊರು ಅಳಿದು ಸಾಗಿಸಿದ ಬಂದರಿನ ಹೆಸರು ಉಳಿಯಿತು. ಸರಕು ಬರಿದೆ ಹಾಯ್ದು ಹೋದರೆ ಆಗುವುದು ಹೀಗೆ.

1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಮುಂದೆ ರೈಲು ಬಂತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿ ಮುಟ್ಟಿ, ಧಾರವಾಡ ದಾಟಿ, ಲೋಂಡಾದ ಮೂಲಕ ಗೋವೆಯ ಮರ್ಮಗೋವಾ ಬಂದರಿಗೆ ಕೂಡಿಕೊಂಡಿತು. ಎತ್ತಿನ ಗಾಡಿಯ ಘಟ್ಟದ ದಾರಿ ಸೊರಗಿತು, ಕುಮಟಾ–ಕಾರವಾರದ ವ್ಯಾಪಾರವೂ ಸೊರಗಿತು. ಕಾರವಾರದ ಕಡೆಗೆ ರೈಲು ಬೇಕೆಂಬ ಕೂಗು ಅಂದಿನದು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇಂದಿಗೂ ಪೂರ್ತಿಯಾಗಿಲ್ಲ.

ರೈಲು ಹಳಿಯ ಜೊತೆಗೆ ಇನ್ನೊಂದನ್ನೂ ತಂದಿತು. 1880ರ ದಶಕದಲ್ಲಿಯೇ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪು ಎದ್ದಿತು. ಗಾಡಿ ಬಂದು ಹೋಗುವುದು ಬೇರೆ, ಗಾಡಿ ಕೆಟ್ಟಾಗ ಬಿಚ್ಚಿ ಕೂಡಿಸುವ ಕೈ ಊರಲ್ಲಿರುವುದು ಬೇರೆ. ಫಿಟ್ಟರು, ಟರ್ನರು, ಕಮ್ಮಾರ, ಬಡಿಗ ಎಲ್ಲರೂ ಒಂದೇ ಭೋಂಗಾಕ್ಕೆ ಎದ್ದು ಹೊರಡುವ ಪೇಟೆ ಅಲ್ಲಿಂದ ಬೆಳೆಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅದೇ ಕಾಲದಲ್ಲಿ ಇಪ್ಪತ್ತು ಕಿಲೋಮೀಟರ್ ಆಚೆ ಹುಬ್ಬಳ್ಳಿಯಲ್ಲಿ ನಮ್ಮ ಜನ ಲೇಥಿನ ಭಾಷೆ ಕಲಿಯುತ್ತಿದ್ದರು. ಸಂಘದ ಚರಿತ್ರೆ ನಮಗೆ ಬಾಯಿಪಾಠ. ಲೇಥಿನ ಚರಿತ್ರೆಯನ್ನು ಮಾತ್ರ ನಾವು ಬರೆದುಕೊಳ್ಳಲಿಲ್ಲ.

1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಾಗ ವರ್ಕ್‌ಶಾಪು ಹೊಸ ಅಳತೆ ಕಲಿತು ಮುಂದೆ ನಡೆಯಿತು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ತಯಾರಾಗುವ ವಾಲ್ವುಗಳು ಎಣ್ಣೆ, ಅನಿಲ, ನೀರಿನ ಕೊಳವೆಗಳಿಗೆ ದೂರದೂರಕ್ಕೆ ಹೋಗುತ್ತವೆ. ಲೋಹದ ಕೆಲಸ ಬಲ್ಲ ಕೈಗಳು ಊರಲ್ಲಿ ಇಲ್ಲದಿದ್ದರೆ ಇದು ಆಗುವ ಮಾತಲ್ಲ.

2

ಭಾರತ ಮಿಲ್ಲಿನಂಥ ಹತ್ತಿಗಿರಣಿಗಳಿಗೆ ಹೊಸದನ್ನು ಕಲಿತು ಮುಂದೆ ನಡೆಯುವ ಈ ಭಾಗ್ಯ ಇರಲಿಲ್ಲ. ಪವರ್‌ಲೂಮು, ಪಾಲಿಯೆಸ್ಟರು, ಹಳೆಯದಾದ ಯಂತ್ರ, ಹೊಸದಕ್ಕೆ ಹಣ ಹಾಕದ ಮಾಲೀಕತನ ಎಲ್ಲ ಕೂಡಿ ದೇಶದ ಹತ್ತಿಗಿರಣಿಗಳನ್ನು ಕೆಡವಿದವು. ಮುಂಬಯಿಯಲ್ಲಿ 1982ರ ಮುಷ್ಕರದ ನಂತರ ಗಿರಣಗಾಂವ್ ಎಂಬ ಮಿಲ್ಲುಗಳ ಪೇಟೆ ಖಾಲಿಯಾಗಿ, ಮಿಲ್ಲಿನ ಜಾಗದಲ್ಲಿ ಮಾಲುಗಳೂ ಗಗನಚುಂಬಿ ಮನೆಗಳೂ ಎದ್ದವು. ಮ್ಯಾಂಚೆಸ್ಟರಿನಲ್ಲಿ ಗೋದಾಮುಗಳೇ ಮನೆಗಳಾದವು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯೂ ಮಿಲ್ಲುಗಳನ್ನು ಕಳೆದುಕೊಂಡು ಕಾಲೇಜುಗಳ ಊರಾಯಿತು. ಎಲ್ಲ ಕಡೆಯೂ ಜಾಗಕ್ಕೆ ಬೆಲೆ ಬಂತು. ಅಲ್ಲಿ ದುಡಿಯುತ್ತಿದ್ದ ಕೈಗೆ ಏನು ಬಂತೆಂದು ಕೇಳಿದವರು ಕಡಿಮೆ.

ಆದರೆ ಹತ್ತಿ ನಮ್ಮನ್ನು ಪೂರ್ತಿ ಬಿಟ್ಟು ಹೋಗಲಿಲ್ಲ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿ ಅವರು 'ವರಲಕ್ಷ್ಮಿ'ಯನ್ನು ಕೊಟ್ಟರು. ಹತ್ತಿಯ ಎರಡು ಬೇರೆ ಬೇರೆ ಜಾತಿಗಳನ್ನು ಕೂಡಿಸಿದ, ಉದ್ದ ಎಳೆಯ ಹೈಬ್ರಿಡ್ ಅದು. ಆ ಬೀಜ ಮಾಡುವ ಕೆಲಸ ಯಂತ್ರದ್ದಲ್ಲ. ಸಂಜೆ ಒಂದೊಂದು ಮೊಗ್ಗನ್ನೂ ಬಿಡಿಸಿ ಕೇಸರ ಕೀಳಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪರಾಗವನ್ನು ಕೈಯಿಂದಲೇ ಹಚ್ಚಬೇಕು. ಒಮ್ಮೆ ಅಮೆರಿಕದ ಬೀಜ ಬೇಡಿದ ಧಾರವಾಡ, ಸುಮಾರು ನೂರಮೂವತ್ತು ವರ್ಷಗಳಲ್ಲಿ ತಾನೇ ಬೀಜ ಕೊಡುವ ಊರಾಯಿತು.

ಹತ್ತಿಯ ಇನ್ನೊಂದು ಎಳೆ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಅಂಗಳದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಬಿಐಎಸ್ ಮಾನ್ಯತೆ ಪಡೆದ ಈ ಘಟಕದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಈ ಖಾದಿಯ ನಂಟು ಧಾರವಾಡ ತಾಲೂಕಿನ ಗರಗಕ್ಕೂ ಇದೆ, ಬಾಗಲಕೋಟೆಯ ತುಳಸಿಗೇರಿಗೂ ಇದೆ. ಬಣ್ಣ, ಎಳೆಯ ಲೆಕ್ಕ, ಹೊಲಿಗೆ, ಇಪ್ಪತ್ನಾಲ್ಕು ಅರಗಳ ಚಕ್ರ ಎರಡೂ ಬದಿಗೆ ಒಂದರ ಬೆನ್ನಿಗೆ ಒಂದು ಕೂಡುವುದು, ಇದರಲ್ಲಿ ಒಂದು ತಪ್ಪಿದರೂ ಬಾವುಟ ಹೊರಗೆ ಹೋಗುವಂತಿಲ್ಲ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟರು. ಬೆಂಗೇರಿಯ ಸಂಘ ಅದನ್ನು ವಿರೋಧಿಸಿತು. ಮಿಲ್ಲುಗಳನ್ನು ಕೆಡವಿದ ಅದೇ ಪಾಲಿಯೆಸ್ಟರು ಬಾವುಟದ ತನಕ ಬಂದು ಮುಟ್ಟಿತು.

3

ಈಗ ಇತ್ತೀಚಿನ ಇಪ್ಪತ್ತು ಚಿಲ್ಲರೆ ವರ್ಷಗಳ ಲೆಕ್ಕ. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ ಬಂತು. ಅದು ತಾನಾಗಿ ಬರಲಿಲ್ಲ, ಜನ ಬೀದಿಗಿಳಿದು ತಂದದ್ದು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಪೀಠ, 2016ರಲ್ಲಿ ಐಐಟಿ, ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಬಸ್ಸು ಕಟ್ಟುವ ಕಾರ್ಖಾನೆ. 2018ರಲ್ಲಿ ಎರಡೂ ಊರುಗಳ ನಡುವಿನ ವೇಗದ ಬಸ್ಸು 'ಚಿಗರಿ' ಓಡತೊಡಗಿತು. 2023ರ ಮಾರ್ಚಿನಲ್ಲಿ ಹುಬ್ಬಳ್ಳಿ ನಿಲ್ದಾಣದ 1507 ಮೀಟರಿನ ರೈಲ್ವೆ ಪ್ಲಾಟ್‌ಫಾರ್ಮು ಉದ್ಘಾಟನೆಯಾಯಿತು. ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ನಾವೆಲ್ಲ ಹೆಮ್ಮೆ ಪಟ್ಟೆವು.

ಹೆಮ್ಮೆ ತಪ್ಪಲ್ಲ. ಆದರೆ ಪ್ಲಾಟ್‌ಫಾರ್ಮು ಎಷ್ಟೇ ಉದ್ದವಿದ್ದರೂ ಹಾಯ್ದು ಹೋಗುವವರ ಜಾಗ. ಕುಮಟಾ ಹತ್ತಿಗೆ ಕೇಳಬೇಕಿದ್ದ ಪ್ರಶ್ನೆಯನ್ನೇ ಇದಕ್ಕೂ ಕೇಳಬೇಕು: ಇಲ್ಲಿಗೆ ಬಂದದ್ದಕ್ಕೆ ಇಲ್ಲಿಯ ಕೈ ಹತ್ತುತ್ತದೆಯೇ? ಚಿಗರಿಗಾಗಿ 22 ಕಿಲೋಮೀಟರ್ ದಾರಿ ಅಗಲ ಮಾಡಿದೆವು. ಮರಗಳು ಉರುಳಿದವು, ಅಂಗಡಿಗಳು ಹಿಂದೆ ಸರಿದವು. ಧಾರವಾಡದ ವಿದ್ಯಾರ್ಥಿಗೂ ಹುಬ್ಬಳ್ಳಿಯ ಅಂಗಡಿಯ ಹುಡುಗನಿಗೂ ಅದು ಒಳ್ಳೆಯದೇ ಮಾಡಿತು. ಆದರೆ ಆ ದಾರಿಯ ಬದಿಯ ಗ್ಯಾರೇಜು, ವೆಲ್ಡಿಂಗ್ ಶೆಡ್ಡು, ಹೊಲಿಗೆ ಅಂಗಡಿಗಳು ಎಷ್ಟಿದ್ದವು, ಎಷ್ಟು ಉಳಿದವು? ಬಸ್ಸಿನ ಲೆಕ್ಕ ಕಂಪನಿಯ ಹತ್ತಿರ ಇದೆ. ಈ ಲೆಕ್ಕವನ್ನೂ ಯಾರಾದರೂ ಇಡಬೇಕಲ್ಲ!

ನೀರಿನ ಮಾತೂ ಹೀಗೆಯೇ. 2008ರ ಹೊತ್ತಿಗೆ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬಂತು. ಹೊರಗಿನವರು ನೋಡಿ ಕಲಿಯಲು ಬಂದರು. ಪಕ್ಕದ ಓಣಿಯವರು ಮಾತ್ರ ನಳ ಎಂದು ಬಂದೀತೆಂದು ಕೊಡ ಹಿಡಿದು ದಿನ ಎಣಿಸಿದರು. ಮಾದರಿ ಒಂದು ಓಣಿಯಲ್ಲಿ ನಿಂತರೆ ಅದು ಪ್ರದರ್ಶನ. ಊರಿಗೆಲ್ಲ ಹಬ್ಬಿದರೆ ಮಾತ್ರ ಪುನರುಜ್ಜೀವನ.

4

1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಊರು ಸೇರಿಸಿ ಒಂದು ಪಾಲಿಕೆ ಮಾಡಿದರು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಎಂದು ಸಚಿವ ಸಂಪುಟ ಒಪ್ಪಿತು. ಅಣ್ಣತಮ್ಮಂದಿರು ಬೇರೆಯಾಗುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಆಗ ಹೊಲ, ಬಾವಿ, ಎತ್ತು, ಪಾತ್ರೆ ಎಲ್ಲ ಎದುರಿಗಿಟ್ಟು ಹಿರಿಯರು ಪಟ್ಟಿ ಬರೆಸುತ್ತಿದ್ದರು. ಈಗ ವಾರ್ಡು, ಕಚೇರಿ, ಸಾಲ ಎಲ್ಲಕ್ಕೂ ಪಟ್ಟಿಯಾಗುತ್ತದೆ. ಅದರ ಜೊತೆ ಇನ್ನೊಂದು ಪಟ್ಟಿಯೂ ಆಗಲಿ ಎಂಬುದು ನನ್ನ ಬಿನ್ನಹ: ಕಸುಬುಗಳ ಪಟ್ಟಿ. ಯಾವ ಓಣಿಯಲ್ಲಿ ಯಾವ ಕೆಲಸ ಬಲ್ಲವರಿದ್ದಾರೆ, ಅವರಿಂದ ಕಲಿಯುವವರು ಯಾರಿದ್ದಾರೆ, ಕಲಿಯುವವರಿಲ್ಲದ ಕೆಲಸ ಯಾವುದು. ಮುಂದೆ ಯಾವ ಯೋಜನೆ ಬಂದರೂ ಜಾಗ ಕೊಡುವ ಮೊದಲು ಆ ಪಟ್ಟಿ ತೆಗೆದು ನೋಡಲಿ. ಬೆಂಗೇರಿಯ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳ ಕೆಲಸ ಅದರ ಮೊದಲ ಸಾಲಿನಲ್ಲಿರಲಿ. ಭಾರತ ಮಿಲ್ಲಿನಲ್ಲಿ ದುಡಿದ ಹಿರಿಯರು ಇನ್ನೂ ಇದ್ದರೆ, ಅವರ ಮನೆ ಬಾಗಿಲಿಗೂ ಹೋಗಿ ಕೇಳಿ ಬರೆದುಕೊಳ್ಳಲಿ. ಆ ಸ್ಟಾಪಿನಲ್ಲಿ ಇಳಿಯುವ ಮೊಮ್ಮಗಳು 'ಇದಕ್ಕ ಯಾಕ ಮಿಲ್ ಅಂತಾರ?' ಎಂದು ಕೇಳಿದರೆ ಹೇಳಲು ನಮ್ಮ ಹತ್ತಿರ ಏನಾದರೂ ಇರಬೇಕು.